ಝೆಂಗ್ ಹೆಯ ಸಮುದ್ರಯಾನದ ಮರದಚ್ಚಿನ ಚಿತ್ರಗಳು ನಂಬಲರ್ಹವೇ?

ಹಳೆಯ ಚೀನೀ ಪುಸ್ತಕಗಳ ಚಿತ್ರ ನೋಡಿ, ಮಿಂಗ್ ಕಾಲದ ಚೀನೀ ನೌಕಾಧಿಪತಿ ಝೆಂಗ್ ಹೆಯ ಹಡಗು ಹೇಗಿತ್ತೆಂದು ತಿಳಿಯಬಹುದೇ ಎಂದು ಕೇಳಿದ್ದೀರಿ. ಹಡಗಿನ ಆಕಾರಕ್ಕೆ ಅವನ್ನು ನಂಬಬೇಡಿ, ದಾರಿಗೆ ನಂಬಬಹುದು ಎನ್ನುವುದು ನನ್ನ ಉತ್ತರ.

ಯಾನಗಳು ನಡೆದದ್ದು 1405ರಿಂದ 1433ರವರೆಗೆ. ಅವುಗಳ ಮೇಲೆ ಲುವೊ ಮಾವೊದೆಂಗ್ ಬರೆದ ನೂರು ಅಧ್ಯಾಯಗಳ ಸಚಿತ್ರ ಕಾದಂಬರಿಯ ಮುನ್ನುಡಿ 1597ರದ್ದು. ಅಲ್ಲಿನ ಚಿತ್ರಕಾರ ಆ ಹಡಗುಗಳನ್ನು ಕಂಡವನಲ್ಲ. ಬರಹದಲ್ಲಿ ದೊಡ್ಡ ಹಡಗಿಗೆ ಒಂಬತ್ತು ಪಟಸ್ತಂಭ ಎಂದಿದೆ. ಆದರೆ ಚಿತ್ರದಲ್ಲಿ ಅವನ್ನು ಎಣಿಸಿ ಫಲವಿಲ್ಲ, ಅಚ್ಚಿನ ಮರದ ಹಲಗೆಯ ಅಗಲಕ್ಕೆ ಹಿಡಿಸುವಷ್ಟನ್ನೇ ಕೆತ್ತುತ್ತಿದ್ದರು.

ಇನ್ನೊಂದು ಎಚ್ಚರಿಕೆ. ಹಾಳೆಯ ಒಂದೇ ಮಗ್ಗುಲಿಗೆ ಅಚ್ಚೊತ್ತಿ, ಬರಹ ಹೊರಗೆ ಬರುವಂತೆ ನಡುವೆ ಮಡಿಸಿ ಹೊಲಿಯುತ್ತಿದ್ದರು. ಹಾಗಾಗಿ ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟಗಳು ಬೇರೆಬೇರೆ ಹಲಗೆಗಳ ಅಚ್ಚು. ನಡುವೆ ಗೆರೆ ಕೂಡದಿದ್ದರೆ ಅದು ಚಿತ್ರಕಾರನ ತಪ್ಪಲ್ಲ.

ನಿಜವಾದ ಮಾಹಿತಿ ಇರುವುದು ಮಾವೊ ಯುವಾನ್‌ಯಿಯ ಯುದ್ಧವಿದ್ಯೆಯ ಗ್ರಂಥ 'ವುಬೆಯ್ ಝಿ'ಯಲ್ಲಿ (1621). ಅದರಲ್ಲಿನ ಯಾನದ ದಾರಿಯ ನಕ್ಷೆ ಮೂಲತಃ ಉದ್ದನೆಯ ಸುರುಳಿ, ಪುಸ್ತಕಕ್ಕಾಗಿ ಪುಟಗಳಾಗಿ ತುಂಡರಿಸಿದ್ದು. ಬಲದಿಂದ ಎಡಕ್ಕೆ, ನಾನ್‌ಜಿಂಗ್‌ನಿಂದ ಓದಬೇಕು. ಉತ್ತರ ಯಾವಾಗಲೂ ಮೇಲಿರುವುದಿಲ್ಲ, ಅಳತೆಯೂ ಒಂದೇ ಸಮನಲ್ಲ. ಹಿಂದೂ ಮಹಾಸಾಗರದ ಪುಟಗಳಲ್ಲಿ ಭಾರತ ಮೇಲಂಚಿನಲ್ಲಿ, ಆಫ್ರಿಕಾ ಕೆಳಂಚಿನಲ್ಲಿ. ನಮ್ಮ ಮಂಗಳೂರೂ ಅಲ್ಲಿದೆ, 'ಮಾಂಗ್‌ಗೆನುಅರ್' ಎಂಬ ಹೆಸರಿನಲ್ಲಿ. ಇಂದಿನ ಭೂಪಟವನ್ನು ಇದರ ಮೇಲಿಟ್ಟು ಹೋಲಿಸಲು ಹೋದವರು ದಾರಿ ತಪ್ಪುವುದು ಖಚಿತ.

ದಾರಿಯ ಗೆರೆಯ ಪಕ್ಕದ ಟಿಪ್ಪಣಿಯನ್ನೇ ಹಿಡಿಯಿರಿ. ದಿಕ್ಸೂಚಿಯಲ್ಲಿ 24 ದಿಕ್ಕುಗಳು, ಒಂದಕ್ಕೊಂದು 15 ಡಿಗ್ರಿ ಅಂತರ. ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದರೆ 'ಡಿಂಗ್' ಅಂದರೆ 195, 'ವೆಯ್' ಅಂದರೆ 210. ಎರಡೂ ಒಟ್ಟಿಗಿದ್ದರೆ ನಡುವಿನ 202.5 ಡಿಗ್ರಿ. ದೂರವನ್ನು 'ಗೆಂಗ್'ಗಳಲ್ಲಿ ಕೊಡುತ್ತಾರೆ. ಒಂದು ಗೆಂಗ್ ಅಂದರೆ ದಿನದ ಹತ್ತನೇ ಒಂದು ಭಾಗ, 2 ಗಂಟೆ 24 ನಿಮಿಷ. ಗಾಳಿ ಬದಲಾದರೆ ಅಷ್ಟೇ ಗೆಂಗ್‌ಗೆ ದೂರವೂ ಬದಲಾಗುತ್ತದೆ, ಆದ್ದರಿಂದ ನೇರವಾಗಿ ಕಿಲೋಮೀಟರಿಗೆ ತಿರುಗಿಸಬೇಡಿ.

ನಕ್ಷತ್ರದ ಎತ್ತರ ಬೆರಳುಗಳ ಲೆಕ್ಕದಲ್ಲಿದೆ. ಕಲ್ಲಿಕೋಟೆಯಲ್ಲಿ ಧ್ರುವನಕ್ಷತ್ರ 4 ಬೆರಳು, ಅಂದರೆ ಸುಮಾರು ಏಳು ಡಿಗ್ರಿ. ಧ್ರುವನಕ್ಷತ್ರದ ಎತ್ತರ ಹೆಚ್ಚುಕಡಿಮೆ ಊರಿನ ಅಕ್ಷಾಂಶದಷ್ಟೇ ಇರಬೇಕು, ಆದರೆ ಊರಿನ ಅಕ್ಷಾಂಶ 11 ಡಿಗ್ರಿ ದಾಟುತ್ತದೆ, ಹಾಗಾದರೆ ಲೆಕ್ಕ ತಪ್ಪೇ? ಅಲ್ಲ. ಆಗ ಧ್ರುವನಕ್ಷತ್ರ ಆಕಾಶದ ಧ್ರುವಬಿಂದುವಿನಿಂದ ಸುಮಾರು ನಾಲ್ಕು ಡಿಗ್ರಿ ಸರಿದಿತ್ತು. ಅದು ತೀರ ಕೆಳಗಿಳಿದ ಹೊತ್ತಿನಲ್ಲಿ ಅಳೆದಿದ್ದರೆ ಈ ಅಂಕಿ ಸರಿಯಾಗಿ ಕೂರುತ್ತದೆ.