ಚಿಲ್ಲರ್ ಫ್ರೀಜ್ ಅಲಾರ್ಮ್‌ನಲ್ಲಿ ಟ್ರಿಪ್ ಆಗ್ತಾ ಇದೆ, ಹೊಸ ಸೆನ್ಸರ್ ಬರೋ ತನಕ ರೆಸಿಸ್ಟರ್ ಹಾಕಿ ಓಡಿಸಬಹುದಾ? ಎಷ್ಟು ಓಮ್ ಬೇಕು?

ನಾನು ಹಾಕಿದ್ದು 22 ಕಿಲೋ ಓಮ್. ಅದೇ ರಾತ್ರಿ ಎವಾಪರೇಟರ್ ಟ್ಯೂಬ್, ಅಂದರೆ ಚಿಲ್ಲರ್‌ನಲ್ಲಿ ಕಟ್ಟಡದ ಎಸಿಯ ನೀರು ಹರಿದು ತಣ್ಣಗಾಗುವ ಪೈಪು, ಒಡೆಯಿತು.

ದಿನಕ್ಕೆ ಮೂರು ನಾಲ್ಕು ಸಲ ಟ್ರಿಪ್, ಲೀವಿಂಗ್ ವಾಟರ್ ಸೆನ್ಸರ್ (ಹೊರಹೋಗುವ ನೀರಿನ ಟೆಂಪರೇಚರ್ ಅಳೆಯುವುದು) ಹೋಗಿದೆ, ಸ್ಪೇರ್ ಬರೋಕೆ ಹತ್ತು ದಿನ, ಮೇಲಿನಿಂದ ಒತ್ತಡ. ನಿಮ್ಮ ಪ್ರಶ್ನೆ ಓದುವಾಗ 2014ರ ಏಪ್ರಿಲ್‌ನ ಒಂದು ಶನಿವಾರ ಹಾಗೇ ಕಣ್ಣ ಮುಂದೆ ಬಂತು.

ಐಟಿಐ ಮುಗಿಸಿ ಎರಡು ವರ್ಷ ಆಗಿತ್ತು. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಒಂದು ಆಫೀಸ್ ಕಟ್ಟಡದಲ್ಲಿ ಪ್ಲಾಂಟ್ ರೂಮ್ ಆಪರೇಟರ್ ಕೆಲಸ. 120 ಟನ್ನಿನ ಎರಡು ವಾಟರ್ ಕೂಲ್ಡ್ ಸ್ಕ್ರೂ ಚಿಲ್ಲರ್, ಒಳಗೆ ನೀರನ್ನು ತಣ್ಣಗೆ ಮಾಡುವ ಗ್ಯಾಸ್ ಆರ್-134ಎ. ಒಂದರ ಕಂಡೆನ್ಸರ್ ಡೀಸ್ಕೇಲಿಂಗ್‌ಗೆ ಬಿಚ್ಚಿತ್ತು. ಉಳಿದದ್ದು ಒಂದೇ ಮಷೀನು. ಅದು ಬುಧವಾರದಿಂದ ಫ್ರೀಜ್ ಅಲಾರ್ಮ್, ಅಂದರೆ ನೀರು ಗಡ್ಡೆ ಕಟ್ಟುವ ಹಂತಕ್ಕೆ ಬರುತ್ತಿದೆ ಅನ್ನುವ ಎಚ್ಚರಿಕೆ, ಕೊಡಲು ಶುರು ಮಾಡಿತು. ರಿಸೆಟ್ ಮಾಡಿದರೆ ಒಂದೆರಡು ಗಂಟೆ ಓಡುವುದು, ಮತ್ತೆ ಟ್ರಿಪ್. ಮೇಲಿನ ಮಹಡಿಯವರಿಂದ ಫೋನ್ ಮೇಲೆ ಫೋನ್.

ನಾನು ಸೆನ್ಸರ್ ಮೇಲೆ ಯಾಕೆ ಅನುಮಾನ ಪಟ್ಟೆ ಅಂತ ಹೇಳಬೇಕು, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಅದಕ್ಕೆ ಒಂದು ತಿಂಗಳ ಮುಂಚೆ ಪಕ್ಕದ ಚಿಲ್ಲರ್‌ನಲ್ಲಿ ನಿಜವಾಗಿಯೂ ಸೆನ್ಸರ್ ಹೋಗಿತ್ತು. ಪ್ಯಾನಲ್‌ನಲ್ಲಿ ಮೈನಸ್ 40 ಅಂತ ಬಂತು, ವೈರ್ ತುಂಡಾಗಿತ್ತು, ಹೊಸದು ಹಾಕಿದೆವು, ಮುಗಿಯಿತು. ಅಲಾರ್ಮ್ ಬಂದರೆ ಸೆನ್ಸರ್ ಅಂತ ಅವತ್ತಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆದರೆ ಆ ಮೈನಸ್ 40 ಎಂಥದ್ದು ನೋಡಿ. ಈ ಸೆನ್ಸರ್‌ಗಳು ಎನ್‌ಟಿಸಿ ಥರ್ಮಿಸ್ಟರ್. ತಣ್ಣಗಾದಷ್ಟೂ ಓಮ್ ಏರುತ್ತದೆ. ವೈರ್ ತುಂಡಾದರೆ ಓಮ್‌ಗೆ ಮಿತಿಯೇ ಇಲ್ಲ, ಕಂಟ್ರೋಲರ್‌ಗೆ ಅದು ಭಯಂಕರ ಚಳಿಯಾಗಿ ಕಾಣುತ್ತದೆ. ಶಾರ್ಟ್ ಆದರೆ ಉಲ್ಟಾ, ಕುದಿಯುವ ನೀರಿನ ಹಾಗೆ ತೋರಿಸುತ್ತದೆ. ಸತ್ತ ಸೆನ್ಸರ್ ಹೀಗೆ ನಂಬಲಾಗದ ನಂಬರ್ ಹೇಳುತ್ತದೆ. ನನ್ನ ಚಿಲ್ಲರ್ ಬುಧವಾರ ಟ್ರಿಪ್ ಆದಾಗ ತೋರಿಸಿದ್ದು 2.8. ಅದು ನಂಬಬೇಕಾದ ನಂಬರ್ ಆಗಿತ್ತು.

ಇನ್ನೊಂದು ವಿಷಯ. ಗುರುವಾರ ಲೋ ಎವಾಪರೇಟರ್ ಪ್ರೆಶರ್ ಅಲಾರ್ಮ್ ಕೂಡ ಒಂದು ಸಲ ಬಂದಿತ್ತು. ನೀರಿನ ಸೆನ್ಸರ್ ಬೇರೆ, ಗ್ಯಾಸ್ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಬೇರೆ. ವೈರ್ ಬೇರೆ, ಕೂತಿರುವ ಜಾಗ ಬೇರೆ. ಎರಡೂ ಸೇರಿ ಒಳಗೆ ಚಳಿ ಜಾಸ್ತಿ ಆಗುತ್ತಿದೆ ಅಂತ ಹೇಳುತ್ತಿವೆ. ಎರಡೂ ಒಟ್ಟಿಗೆ, ಒಂದೇ ಕಡೆಗೆ ಸುಳ್ಳು ಹೇಳುತ್ತವಾ? ನಾನು ಅಷ್ಟು ಯೋಚನೆ ಮಾಡಲಿಲ್ಲ. ಪ್ಯಾನಲ್ ಬಾಗಿಲ ಒಳಗಡೆ ಸರ್ವೀಸ್ ಪಾಸ್‌ವರ್ಡ್ ಬರೆದು ಅಂಟಿಸಿದ ಚೀಟಿ ಇತ್ತು. ಶನಿವಾರ ಸಂಜೆ ಐದಕ್ಕೆ ಒಳಗೆ ಹೋಗಿ ಲೋ ಪ್ರೆಶರ್ ಕಟೌಟನ್ನು (ಗ್ಯಾಸ್ ಪ್ರೆಶರ್ ಎಷ್ಟಕ್ಕಿಳಿದರೆ ಮಷೀನ್ ನಿಲ್ಲಬೇಕು ಅನ್ನುವ ಮಿತಿ) 28 ಪಿಎಸ್‌ಐನಿಂದ 20ಕ್ಕೆ ಇಳಿಸಿದೆ. ಆರ್-134ಎಗೆ 28 ಅಂದರೆ ಗ್ಯಾಸ್ ಸುಮಾರು 0 ಡಿಗ್ರಿ, 20 ಅಂದರೆ ಮೈನಸ್ 5ರ ಆಸುಪಾಸು. ಆಮೇಲೆ ಲೀವಿಂಗ್ ವಾಟರ್ ಸೆನ್ಸರ್‌ನ ಎರಡು ವೈರ್ ಬಿಚ್ಚಿ ಆ ಜಾಗದಲ್ಲಿ ರೆಸಿಸ್ಟರ್ ಸಿಕ್ಕಿಸಿದೆ. ಡಿಸ್‌ಪ್ಲೇನಲ್ಲಿ 7.9 ಬಂತು. ನೋಡಿ ಸಮಾಧಾನ ಆಯಿತು.

ಈ ಒಂದು ಕೆಲಸ ಏನು ಮಾಡಿತು ಅಂತ ಬಿಡಿಸಿ ಹೇಳುತ್ತೇನೆ. ನನಗೆ ಇದು ಅರ್ಥ ಆಗಲು ಅನಾಹುತವೇ ಆಗಬೇಕಾಯಿತು. ಆ ಸೆನ್ಸರ್ ಬರೀ ಅಲಾರ್ಮ್‌ಗೆ ಇರುವುದು ಅಂತ ನಾನು ತಿಳಿದಿದ್ದೆ. ಕಂಪ್ರೆಸರ್ ಲೋಡ್ ಆಗುವುದು (ಜೋರು ಹೆಚ್ಚಿಸುವುದು), ಅನ್‌ಲೋಡ್ ಆಗುವುದು (ಜೋರು ಇಳಿಸುವುದು), ನಿಲ್ಲುವುದು ಎಲ್ಲ ಅದೇ ಸೆನ್ಸರ್ ನೋಡಿಕೊಂಡು. ನಮ್ಮ ಸೆಟ್‌ಪಾಯಿಂಟ್, ಅಂದರೆ ಹೊರಹೋಗುವ ನೀರು ಇರಬೇಕಾದ ಟೆಂಪರೇಚರ್, 7. ಕಂಟ್ರೋಲರ್‌ಗೆ ಯಾವಾಗಲೂ ಕಾಣುವುದು 7.9. ಅಂದರೆ ಅದರ ಪಾಲಿಗೆ ನೀರು ಇನ್ನೂ ತಣ್ಣಗಾಗಿಲ್ಲ, ಯಾವತ್ತೂ ಆಗುವುದೂ ಇಲ್ಲ. ಹಾಗಾಗಿ ಕಂಪ್ರೆಸರ್ ನೂರು ಪರ್ಸೆಂಟ್ ಲೋಡ್‌ನಲ್ಲೇ ಕೂತಿತು. ಅಲಾರ್ಮ್‌ನ ಬಾಯಿ ಮುಚ್ಚಿಸಿದೆ ಅಂದುಕೊಂಡೆ, ಅದರ ಜೊತೆಗೆ ಬ್ರೇಕನ್ನೂ ಕಿತ್ತಿದ್ದೆ. 22 ಕಿಲೋ ಬದಲು ಬೇರೆ ಬೆಲೆ ಹಾಕಿ 6.5 ತೋರಿಸಿದ್ದರೂ ಗತಿ ಅಷ್ಟೇ. ಆಗ ಅದು ಸುಮ್ನೆ ಅನ್‌ಲೋಡ್ ಆಗಿ ಕಟ್ಟಡವೆಲ್ಲ ಬಿಸಿ ಆಗುತ್ತಿತ್ತು, ನಾನು ರೆಸಿಸ್ಟರ್ ಬದಲಾಯಿಸುತ್ತಾ ಕೂರುತ್ತಿದ್ದೆ. ಸರಿಯಾದ ಓಮ್ ಅಂತ ಒಂದು ಇಲ್ಲವೇ ಇಲ್ಲ. ನೀರಿನ ಟೆಂಪರೇಚರ್ ಗಳಿಗೆ ಗಳಿಗೆಗೂ ಬದಲಾಗುತ್ತದೆ, ರೆಸಿಸ್ಟರ್ ಬದಲಾಗುವುದಿಲ್ಲ.

ರಾತ್ರಿ ಒಂಬತ್ತಕ್ಕೆ ಹೆಚ್ಚಿನ ಮಹಡಿಗಳು ಖಾಲಿ. ಮಹಡಿಗಳಿಗೆ ತಣ್ಣನೆ ಗಾಳಿ ಬಿಡುವ ಎಎಚ್‌ಯುಗಳು ಒಂದೊಂದಾಗಿ ಬಂದ್. ಲೋಡ್ ಇಳಿಯುತ್ತಾ ಹೋಯಿತು, ಕಂಪ್ರೆಸರ್ ಮಾತ್ರ ಪೂರ್ತಿ ಓಡುತ್ತಲೇ ಇತ್ತು. ನಾನು ಗಂಟೆಗೊಂದು ಸಲ ಲಾಗ್‌ಬುಕ್ ಬರೆದೆ. ಹನ್ನೊಂದಕ್ಕೆ ಒಳಬರುವ ನೀರು 9.6, ಹೊರಹೋಗುವುದು 7.9. ಹನ್ನೆರಡಕ್ಕೆ 8.1, 7.9. ಒಂದಕ್ಕೆ 6.4, 7.9. ಎರಡಕ್ಕೆ 4.9, 7.9.

ಕೊನೆಯ ಎರಡು ಸಾಲು ಮತ್ತೆ ಓದಿ. ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವ ನೀರು ಬಿಸಿ. ಚಿಲ್ಲರ್ ನೀರನ್ನು ಕಾಯಿಸುತ್ತಿದೆ! ನನ್ನ ಕೈಯಾರೆ ನೀಲಿ ಪೆನ್ನಲ್ಲಿ ಬರೆದು, ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ಎರಡೂಕಾಲಕ್ಕೆ ಮಷೀನ್ ಲೋ ಪ್ರೆಶರ್‌ನಲ್ಲಿ ನಿಂತಿತು. 20ಕ್ಕಿಂತಲೂ ಕೆಳಗೆ ಹೋಗಿತ್ತು ಅಂದರೆ ಟ್ಯೂಬ್‌ನೊಳಗೆ ಆಗಲೇ ಮಂಜುಗಡ್ಡೆ. ನೀರು ಗಡ್ಡೆ ಕಟ್ಟಿದರೆ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ತಾಮ್ರದ ತೆಳು ಟ್ಯೂಬ್ ಅದನ್ನು ತಡೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಸೆಕ್ಯುರಿಟಿಯವರು ಫೋನ್ ಮಾಡಿದರು. "ಅಣ್ಣಾ, ಟೆರೇಸ್ ಮೇಲೆ ಟ್ಯಾಂಕು ಕುದೀತಾ ಇದೆ." ಚಿಲ್ಲರ್ ನೀರಿನ ಲೈನಿಗೆ ಸೇರಿದ ಎಕ್ಸ್‌ಪ್ಯಾನ್ಷನ್ ಟ್ಯಾಂಕ್. ಮಂಜು ಕರಗಿ, ಒಡೆದ ಟ್ಯೂಬಿನಿಂದ ಗ್ಯಾಸ್ ನೀರಿಗೆ ನುಗ್ಗಿ ಮೇಲೆ ಗುಳುಗುಳು ಅಂತ ಬರುತ್ತಿತ್ತು. ಅದು ನನಗೆ ತಿಳಿಯಲಿಲ್ಲ, ಪೈಪಿನಲ್ಲಿ ಗಾಳಿ ಸೇರಿರಬೇಕು ಅಂದುಕೊಂಡು ರಿಸೆಟ್ ಒತ್ತಿ ಮತ್ತೆ ಸ್ಟಾರ್ಟ್ ಮಾಡಿದೆ. ಅಷ್ಟರಲ್ಲಿ ಗ್ಯಾಸ್ ಪ್ರೆಶರ್ ಇಳಿದು ನೀರು, ಟ್ಯೂಬ್ ಸುತ್ತ ಗ್ಯಾಸ್ ಇರುವ ಶೆಲ್ ಒಳಗೆ ಬಂದಿತ್ತು. ಕಂಪ್ರೆಸರ್ ಅದನ್ನೂ ಎಳೆಯಿತು. ಟಾರ್ಚ್ ಹಿಡಿದು ಆಯಿಲ್ ಸೈಟ್‌ಗ್ಲಾಸ್ ನೋಡಿದೆ. ತಿಳಿಯಾಗಿದ್ದ ಎಣ್ಣೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು.

ಟ್ಯೂಬ್, ಕಂಪ್ರೆಸರ್ ಓವರ್‌ಹಾಲ್, ಎಣ್ಣೆ, ಗ್ಯಾಸ್, ತೇವ ತೆಗೆಯಲು ದಿನಗಟ್ಟಲೆ ವ್ಯಾಕ್ಯೂಮ್. ಬಿಲ್ಲು ನನ್ನ ಎರಡು ವರ್ಷದ ಸಂಬಳಕ್ಕಿಂತ ಜಾಸ್ತಿ ಆಯಿತು. ನನ್ನನ್ನು ಬೇರೆ ಸೈಟಿಗೆ ಹಾಕಿದರು.

ಹಾಗಾದರೆ ನಿಜವಾದ ತೊಂದರೆ ಏನಿತ್ತು? ಭಾನುವಾರ ಬೆಳಿಗ್ಗೆ ನಮ್ಮ ಸೀನಿಯರ್ ಟೆಕ್ನಿಷಿಯನ್ ಬಂದರು. ಬೈಯಲಿಲ್ಲ. ಚಿಲ್ಲರ್ ಹತ್ತಿರವೂ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಲಾಗ್‌ಬುಕ್‌ನ ಹಿಂದಿನ ಪುಟಗಳನ್ನು ತಿರುವಿದರು.

"ಪಂಪ್ ಆಂಪ್ಸ್ ಹೋದ ವಾರ 16 ಇತ್ತು, ಈಗ 11. ಯಾಕಪ್ಪಾ?"

"ಕಡಿಮೆ ಎಳೀತಾ ಇದೆ, ಒಳ್ಳೇದೇ ಅಲ್ವಾ ಸಾರ್?"

"ನೀರು ತಳ್ಳದೇ ಇದ್ರೆ ಕಡಿಮೆನೇ ಎಳೆಯೋದು."

ಮಧ್ಯಾಹ್ನದ ರೀಡಿಂಗ್‌ಗಳ ಮೇಲೆ ಬೆರಳಿಟ್ಟು ತೋರಿಸಿದರು. ಒಳ-ಹೊರ ನೀರಿನ ವ್ಯತ್ಯಾಸ 5 ಡಿಗ್ರಿ ಇದ್ದದ್ದು ಹತ್ತು ದಿನದಲ್ಲಿ 5.6, 6.3, 8ರ ಮೇಲೆ ಹೋಗಿತ್ತು. ಅದೇ ಲೋಡಿಗೆ ವ್ಯತ್ಯಾಸ ಏರಿದರೆ ನೀರು ಕಡಿಮೆ ಹರಿಯುತ್ತಿದೆ ಅಂತಲೇ ಅರ್ಥ. ಪಂಪ್ ಮುಂದಿನ ವೈ-ಸ್ಟ್ರೈನರ್ (ನೀರಿನ ಕಸ ಹಿಡಿಯುವ ಜಾಲರಿ) ಬಿಚ್ಚಿಸಿದರು. ಜಾಲರಿ ಕಾಣುತ್ತಲೇ ಇರಲಿಲ್ಲ. ತುಕ್ಕು, ವೆಲ್ಡಿಂಗ್ ಚೂರು, ಸೆಣಬಿನ ನಾರು, ಟೆಫ್ಲಾನ್ ಟೇಪು. ಎರಡು ವಾರದ ಹಿಂದೆ ಐದನೇ ಮಹಡಿಯಲ್ಲಿ ಹೊಸ ಪೈಪ್ ಲೈನ್ ಮಾಡಿದ್ದರು, ಫ್ಲಶ್ ಮಾಡದೆ ವಾಲ್ವ್ ತೆರೆದಿದ್ದರು. ಫ್ಲೋ ಸ್ವಿಚ್ ಯಾಕೆ ಹಿಡಿಯಲಿಲ್ಲ ಅಂದರೆ ಅದರ ಪ್ಯಾಡಲ್ ಕಸ ಕಟ್ಟಿ "ನೀರಿದೆ" ಅನ್ನುವ ಜಾಗದಲ್ಲೇ ಕಚ್ಚಿಕೊಂಡಿತ್ತು. ಬುಧವಾರವೇ ಬಿಚ್ಚಿದ್ದರೆ ಅರ್ಧ ಗಂಟೆಯ ಕೆಲಸ.

ಈಗ ನಿಮ್ಮದಕ್ಕೆ ಬರುತ್ತೇನೆ. ಸೆನ್ಸರ್ ಹೋಗಿದೆ ಅಂತ ನೀವು ಹೇಗೆ ತೀರ್ಮಾನಿಸಿದಿರಿ? ಅಲಾರ್ಮ್ ಬಂತು ಅನ್ನುವುದು ಬಿಟ್ಟು ಬೇರೆ ಏನೂ ನೀವು ಬರೆದಿಲ್ಲ. ನಾನಂತೂ ನಂಬುವುದಿಲ್ಲ. ಮೊದಲು ನೀರು ನೋಡಿ. ಪಂಪ್ ಆಂಪ್ಸ್, ಎವಾಪರೇಟರ್‌ನ ಎರಡೂ ಕಡೆಯ ಪ್ರೆಶರ್ ಗೇಜ್, ಸ್ಟ್ರೈನರ್. ಆಮೇಲೆ ಸೆನ್ಸರ್. ಅದನ್ನು ಪರೀಕ್ಷಿಸಲು ಒಂದು ಸ್ಟೀಲ್ ಲೋಟ ಸಾಕು. ಚಿಲ್ಲರ್ ಆಫ್ ಮಾಡಿ, ಲೋಟದ ತುಂಬ ಪುಡಿ ಐಸ್ ಹಾಕಿ, ಸ್ವಲ್ಪ ನೀರು ಬೆರೆಸಿ ಕಲಕಿ. ಅದು 0 ಡಿಗ್ರಿ. ಸೆನ್ಸರ್ ಐದು ನಿಮಿಷ ಅದರಲ್ಲಿಟ್ಟು ಮಲ್ಟಿಮೀಟರ್ ಹಿಡಿಯಿರಿ. 10 ಕಿಲೋ ಓಮ್ (25 ಡಿಗ್ರಿಯಲ್ಲಿ) ಜಾತಿಯದ್ದಾದರೆ 27ರಿಂದ 33 ಕಿಲೋ ಒಳಗೆ ಬರಬೇಕು. ನಿಮ್ಮದು ಯಾವ ಜಾತಿ ಅನ್ನುವುದು ಮ್ಯಾನುಯಲ್‌ನ ಟೇಬಲ್‌ನಲ್ಲಿ ಇರುತ್ತದೆ, ಅದಕ್ಕೆ ಹೋಲಿಸಿ. ಒಳಬರುವ ನೀರಿನ ಸೆನ್ಸರ್ ಅದೇ ಜಾತಿಯದ್ದಾದರೆ ಎರಡನ್ನೂ ಒಂದೇ ಲೋಟದಲ್ಲಿಡಿ. ಎರಡೂ ಒಂದೇ ತೋರಿಸಿದರೆ ಸೆನ್ಸರ್ ವಿಚಾರ ಅಲ್ಲಿಗೇ ಬಿಟ್ಟುಬಿಡಿ.

ಕನೆಕ್ಟರ್ ಕೂಡ ನೋಡಿ, ಅದರಲ್ಲಿ ಎರಡು ಬಗೆ. ಜಾಯಿಂಟ್ ಸಡಿಲವಾಗಿ ಹಸಿರು ಕಟ್ಟಿದ್ದರೆ ಓಮ್ ಏರುತ್ತದೆ, ಆಗ ಇರುವುದಕ್ಕಿಂತ ತಣ್ಣಗೆ ತೋರಿಸಿ ಸುಮ್ಮಸುಮ್ಮನೆ ಫ್ರೀಜ್ ಅಲಾರ್ಮ್ ಬರಬಹುದು. ಅದೇ ಕನೆಕ್ಟರ್ ಒಳಗೆ ನೀರು ಕೂತಿದ್ದರೆ ಕರೆಂಟ್‌ಗೆ ಪಕ್ಕದ ದಾರಿ ಸಿಕ್ಕಿ ಓಮ್ ಇಳಿಯುತ್ತದೆ, ಇರುವುದಕ್ಕಿಂತ ಬಿಸಿ ತೋರಿಸುತ್ತದೆ. ಇದು ಅಪಾಯ, ನಿಜವಾದ ಫ್ರೀಜನ್ನೇ ಮುಚ್ಚಿಡುತ್ತದೆ. ಗ್ಯಾಸ್ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಮೇಲೆ ಅನುಮಾನ ಇದ್ದರೆ ಗೇಜ್ ಹಾಕಿ ಹೋಲಿಸಿ. ಮಷೀನ್ ಗಂಟೆಗಟ್ಟಲೆ ನಿಂತಿದ್ದು ಎಲ್ಲ 25 ಡಿಗ್ರಿಯಲ್ಲಿದ್ದರೆ ಆರ್-134ಎ 82 ಪಿಎಸ್‌ಐ ಹತ್ತಿರ ಇರಬೇಕು.

ಇಷ್ಟೆಲ್ಲ ನೋಡಿದ ಮೇಲೂ ಸೆನ್ಸರೇ ಹೋಗಿದೆ ಅಂತಾದರೆ ಮಷೀನ್ ನಿಲ್ಲಿಸಿ. ಹತ್ತು ದಿನ ಅಂತ ಒಬ್ಬ ಸಪ್ಲೈಯರ್ ಹೇಳಿದರೆ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಅದೇ ಟೇಬಲ್‌ನ ಥರ್ಮಿಸ್ಟರ್ ಸಿಕ್ಕರೂ ಸಿಗಬಹುದು. ಐಸ್ ಲೋಟದಲ್ಲಿ ಪರೀಕ್ಷಿಸಿಯೇ ಹಾಕಿ. ಮ್ಯಾನೇಜರ್ ಓಡಿಸು ಅಂದರೆ ಆ ಮಾತನ್ನು ಮೇಲ್‌ನಲ್ಲಿ ಬರೆದು ಕೊಡಿ ಅನ್ನಿ. ನನಗೂ ಬಾಯಲ್ಲೇ ಹೇಳಿದ್ದು, ಲಾಗ್‌ಬುಕ್‌ನಲ್ಲಿ ಇದ್ದದ್ದು ನನ್ನ ಸಹಿ ಒಂದೇ.

ಇವತ್ತೇ ಸ್ಟ್ರೈನರ್ ತೆಗೆಸಿ. ಒಳಬರುವ ನೀರು, ಹೊರಹೋಗುವ ನೀರು, ಪಂಪ್ ಆಂಪ್ಸ್, ಈ ಮೂರರ ಹೋದ ಹದಿನೈದು ದಿನದ ರೀಡಿಂಗ್ ಇಲ್ಲಿ ಹಾಕಿ. ನಾನು ನೋಡುತ್ತೇನೆ.