ಹಳೇ ಕಾರ್ಡಿಗೆ ಹೊಸ ಡ್ರೈವರ್ ಯಾಕೆ ಕೂರುವುದಿಲ್ಲ?

ಪ್ರಶ್ನೆ: ಸಾರ್, ದಾವಣಗೆರೆಯ ಅಶೋಕ ರಸ್ತೆ ಹತ್ತಿರ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಮಾಡಿಕೊಡುತ್ತೇವೆ. ಯಜಮಾನರು ಪ್ರಿಂಟಿಂಗ್ ನೋಡಿಕೊಳ್ಳುತ್ತಾರೆ, ಕಂಪ್ಯೂಟರ್ ಕೆಲಸ ನನ್ನದು. ಮಷೀನ್ ಹಳೆಯದು. ಕೋರ್ 2 ಡ್ಯುಯೋ, ಜಿ41 ಬೋರ್ಡ್, 4 ಜಿಬಿ ರ‍್ಯಾಮ್, ಜಿಫೋರ್ಸ್ 210 ಗ್ರಾಫಿಕ್ಸ್ ಕಾರ್ಡ್. ವಿಂಡೋಸ್ 7 ಇತ್ತು. ಪರಿಚಯದ ಹುಡುಗ ಅದನ್ನು ತೆಗೆದು ವಿಂಡೋಸ್ 10 ಹಾಕಿಕೊಟ್ಟ. ಅವತ್ತಿಂದ ಪರದೆಯಲ್ಲಿ ಅಕ್ಷರವೆಲ್ಲ ದಪ್ಪ ದಪ್ಪ. ಪೇಜ್‌ಮೇಕರ್ ತೆರೆದರೆ ಟೂಲ್‌ಗಳೇ ಅರ್ಧ ಜಾಗ ತಿನ್ನುತ್ತವೆ. ಎನ್‌ವಿಡಿಯಾ ಸೈಟಿನಿಂದ ಲೇಟೆಸ್ಟ್ ಡ್ರೈವರ್ ಇಳಿಸಿದೆ. ‘ಹೊಂದುವ ಹಾರ್ಡ್‌ವೇರ್ ಸಿಗಲಿಲ್ಲ’ ಅಂತ ಇಂಗ್ಲಿಷಿನಲ್ಲಿ ಬಂತು. ಆಮೇಲೆ ಆ ಹುಡುಗ ಯಾವುದೋ ಡ್ರೈವರ್ ಅಪ್‌ಡೇಟರ್ ಹಾಕಿದ. ಈಗ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ಕೋಡ್ 43. ಒಂದೊಂದು ಸಲ ಪರದೆ ಪೂರ್ತಿ ಕಪ್ಪು. ಹೊಸ ಕಾರ್ಡ್ ತೆಗೆದುಕೊಳ್ಳಬೇಕಾ?
– ಡಿಟಿಪಿ ಅಂಗಡಿಯವರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ ಅಕ್ಕಾರೆ. ದುಡ್ಡು ಗಲ್ಲಾದಲ್ಲೇ ಇರಲಿ.

ಡ್ರೈವರ್ ಅಂದರೆ ಕಾರ್ಡಿಗೂ ವಿಂಡೋಸಿಗೂ ನಡುವೆ ಮಾತುಕತೆ ಮಾಡಿಸುವ ಸಾಫ್ಟ್‌ವೇರ್. ನಿಮ್ಮ ಕಾರ್ಡು 2009ರಲ್ಲಿ ಬಂದಿದ್ದು. ಆ ತಲೆಮಾರಿನ ಚಿಪ್‌ಗಳಿಗೆ ಎನ್‌ವಿಡಿಯಾ ಕೊಟ್ಟ ಕೊನೆಯ ವಿಂಡೋಸ್ ಡ್ರೈವರ್ 342.01. ಅದು 2016ರ ಡಿಸೆಂಬರ್‌ನದು. ಇವತ್ತು ಸೈಟಿನಲ್ಲಿ ಕಾಣುವ ಲೇಟೆಸ್ಟ್ ಡ್ರೈವರ್‌ನಲ್ಲಿ ಈ ಕಾರ್ಡಿನ ಸುದ್ದಿಯೇ ಇರುವುದಿಲ್ಲ. ಇನ್‌ಸ್ಟಾಲರ್ ತನ್ನ ಜೊತೆ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ನಿಮ್ಮ ಕಾರ್ಡಿನ ನಂಬರ್ ಅದರಲ್ಲಿದೆಯಾ ಅಂತ ನೋಡುತ್ತದೆ. ಇಲ್ಲ ಅಂದರೆ ‘ಹಾರ್ಡ್‌ವೇರ್ ಸಿಗಲಿಲ್ಲ’ ಅಂದುಬಿಡುತ್ತದೆ. ರೇಷನ್ ಅಂಗಡಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದ ಹಾಗೆ. ಮನುಷ್ಯ ಎದುರಿಗೇ ನಿಂತಿದ್ದರೂ ಅಕ್ಕಿ ಇಲ್ಲ! ಹಾಗಾಗಿ ಆ ಮೆಸೇಜ್ ನೋಡಿ ಕಾರ್ಡ್ ಸತ್ತಿದೆ ಅಂದುಕೊಳ್ಳಬೇಡಿ.

ಕೆಡಿಸಿದ್ದು ಆಮೇಲೆ ಬಂದ ಅಪ್‌ಡೇಟರ್ ಇರಬೇಕು. ಈ ಡ್ರೈವರ್ ಹುಡುಕಿಕೊಡುವ ಸಾಫ್ಟ್‌ವೇರ್‌ಗಳ ಮೇಲೆ ನನಗೆ ಒಂಚೂರೂ ನಂಬಿಕೆ ಇಲ್ಲ. ‘ನಿಮ್ಮ 27 ಡ್ರೈವರ್ ಹಳೆಯವು’ ಅಂತ ಕೆಂಪು ಅಕ್ಷರದಲ್ಲಿ ಹೆದರಿಸುತ್ತವೆ, ದುಡ್ಡು ಕೇಳುತ್ತವೆ. ಹಳೇ ಮಷೀನಿನಲ್ಲಿ ಹಳೇ ಡ್ರೈವರ್ ಇರುವುದೇ ಸರಿ ಅನ್ನುವುದು ಅವಕ್ಕೆ ಬೇಕಾಗಿಲ್ಲ. ಮೊದಲು ಅದನ್ನು ಕಿತ್ತುಹಾಕಿ.

ಇನ್ನು ಕೋಡ್ 43. ‘ಈ ಸಾಧನ ತನ್ನಲ್ಲೇ ತೊಂದರೆ ಇದೆ ಅಂತ ಹೇಳಿದೆ, ಅದಕ್ಕೆ ನಿಲ್ಲಿಸಿದ್ದೇನೆ’ ಅಂತ ವಿಂಡೋಸ್ ಹೇಳುವ ಮಾತು ಅದು. ಡ್ರೈವರ್ ಕಲಸುಮೇಲೋಗರ ಆದರೂ ಬರುತ್ತದೆ, ಕಾರ್ಡ್ ನಿಜವಾಗಿ ಕೆಟ್ಟರೂ ಬರುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ, ಅಂದರೆ ಬೋರ್ಡಿನ ಒಳಗೇ ಇರುವ ಸೆಟ್ಟಿಂಗ್ಸ್ ಪರದೆಗೆ ಹೋಗಿ. ಅಲ್ಲಿ ವಿಂಡೋಸೂ ಇಲ್ಲ, ಡ್ರೈವರೂ ಇಲ್ಲ. ಆ ಪರದೆಯಲ್ಲೇ ಅಡ್ಡಗೆರೆ, ಬಣ್ಣದ ಚುಕ್ಕೆ, ಒಡೆದ ಅಕ್ಷರ ಕಂಡರೆ ಡ್ರೈವರ್ ನಿರಪರಾಧಿ. ಕಾರ್ಡಿನ ಚಿಪ್ಪೋ ಮೆಮೊರಿಯೋ ಹೋಗಿದೆ. ಯಾವ ಸಾಫ್ಟ್‌ವೇರೂ ಅದನ್ನು ಉಳಿಸುವುದಿಲ್ಲ. ಕೆಲವರು ಹಾಟ್ ಏರ್ ಗನ್ನಿನಲ್ಲಿ ಚಿಪ್ ಕಾಯಿಸಿ ಎಬ್ಬಿಸಿ ಕೊಡುತ್ತಾರೆ. ಸ್ವಲ್ಪ ದಿನ ನಡೆದು ಮತ್ತೆ ಮಲಗುತ್ತದೆ. ಅದಕ್ಕೆ ಕೊಡುವ ಕಾಸು ದಂಡ. ಬಯೋಸ್ ಪರದೆ ಸ್ವಚ್ಛವಾಗಿದ್ದರೆ ಮಾತ್ರ ಮುಂದೆ ಓದಿ.

ಪರದೆ ಒಂದೊಂದು ಸಲ ಕಪ್ಪಾಗುವುದಕ್ಕೆ ಫ್ಯಾನ್ ಸರಿಯಾಗಿ ತಿರುಗದೆ ಕಾರ್ಡ್ ಬಿಸಿಯಾಗುವುದೂ ಕಾರಣ ಇರಬಹುದು. ಅಶೋಕ ರಸ್ತೆ ಕಡೆ ಅಂದಿರಿ. ಅಕ್ಕಪಕ್ಕ ಮಿರ್ಚಿ, ಮಂಡಕ್ಕಿ ಅಂಗಡಿ ಇದ್ದರೆ ನನಗೆ ಅನುಮಾನ ಇನ್ನೂ ಜಾಸ್ತಿ. ಬಾಣಲೆಯ ಎಣ್ಣೆ ಹೊಗೆ ಕಣ್ಣಿಗೆ ಕಾಣದೆ ಒಳಗೆ ಬರುತ್ತದೆ. ಬೀದಿ ಧೂಳು ಅದಕ್ಕೆ ಅಂಟಿಕೊಂಡು ಕಾರ್ಡಿನ ಫ್ಯಾನ್ ಮೇಲೆ ಕಂದು ಬಣ್ಣದ ಜಿಡ್ಡಾಗಿ ಕೂರುತ್ತದೆ. ಒಣ ಧೂಳಾದರೆ ಬ್ರಷ್ಷಿಗೆ ಬರುತ್ತದೆ. ಇದು ಬರುವುದಿಲ್ಲ, ರೆಕ್ಕೆಗೆ ರೆಕ್ಕೆಯೇ ದಪ್ಪ ಆಗಿರುತ್ತದೆ. ಜೋರಾಗಿ ಊದಿದರೂ ಅಲ್ಲಾಡುವುದಿಲ್ಲ. ಕರೆಂಟ್ ವಯರ್ ಕಿತ್ತು, ಸ್ಲಾಟಿನ ತುದಿಯ ಚಿಕ್ಕ ಲಾಕ್ ಒತ್ತಿ, ಕಾರ್ಡನ್ನು ನೇರವಾಗಿ ಮೇಲೆತ್ತಿ. ಲಾಕ್ ಒತ್ತದೆ ಎಳೆದರೆ ಅದು ಮುರಿಯುತ್ತದೆ, ಹುಷಾರು. ಇಯರ್‌ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ರೆಕ್ಕೆಗಳನ್ನು ಒಂದೊಂದಾಗಿ ಒರೆಸಿ. ಫ್ಯಾನ್ ಬೆರಳಲ್ಲಿ ತಿರುಗಿಸಿದರೆ ಕಿರ್ ಅನ್ನುತ್ತದಾ? ನಡುವಿನ ಸ್ಟಿಕ್ಕರ್ ಮೆಲ್ಲಗೆ ಎಬ್ಬಿಸಿ ಒಂದೇ ಒಂದು ತೊಟ್ಟು ಹೊಲಿಗೆ ಮಷೀನ್ ಎಣ್ಣೆ ಬಿಡಿ. ಕಾರ್ಡಿನ ಕೆಳಗಿನ ಚಿನ್ನದ ಬಣ್ಣದ ಕಾಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ, ವಾಪಸ್ ಕೂರಿಸಿ. ಕಾರ್ಡ್ ಮೇಲಿನ ಕೆಪಾಸಿಟರ್ ತಲೆ ಉಬ್ಬಿದೆಯಾ ಅಂತ ಇದೇ ಹೊತ್ತಿಗೆ ಒಂದು ಕಣ್ಣು ಹಾಯಿಸಿ.

ಈಗ ಡ್ರೈವರ್. ಕಾರ್ಡ್ ಯಾವುದು ಅಂತ ಡಬ್ಬಿ ನೋಡಿ ನಂಬಬೇಡಿ, ಅದನ್ನೇ ಕೇಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಬಿಚ್ಚಿ, ಒಳಗಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಡೀಟೇಲ್ಸ್ ಅನ್ನುವ ಕಡೆ ಹಾರ್ಡ್‌ವೇರ್ ಐಡೀಸ್ ಆರಿಸಿ. ವಿಇಎನ್ ಮುಂದೆ 10ಡಿಇ ಇದ್ದರೆ ಎನ್‌ವಿಡಿಯಾ. 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್. ಡಿಇವಿ ಮುಂದೆ 0ಎ65 ಅಂತ ಕಂಡರೆ ಅದು ಜಿಫೋರ್ಸ್ 210 ಚಿಪ್ಪೇ.

ಎನ್‌ವಿಡಿಯಾ ಸೈಟಿನಿಂದಲೇ 342.01 ಇಳಿಸಿ ಇಟ್ಟುಕೊಳ್ಳಿ. ಅದರಲ್ಲಿ 32 ಬಿಟ್ ಬೇರೆ, 64 ಬಿಟ್ ಬೇರೆ. ನಿಮ್ಮ ವಿಂಡೋಸ್ ಯಾವುದು ಅಂತ ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಇರುತ್ತದೆ. 4 ಜಿಬಿ ರ‍್ಯಾಮ್ ಇದ್ದರೂ 32 ಬಿಟ್ ವಿಂಡೋಸ್ ಹಾಕಿದ ಮಷೀನುಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಜೊತೆಗೆ ಹಳೇ ಡ್ರೈವರನ್ನು ಪೂರ್ತಿ ಕಿತ್ತುಹಾಕಲು ಡಿಡಿಯು ಅಂತ ಒಂದು ಚಿಕ್ಕ ಉಚಿತ ಸಾಫ್ಟ್‌ವೇರ್ ಇದೆ, ಪೂರ್ತಿ ಹೆಸರು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಅದನ್ನೂ ಇಳಿಸಿಕೊಳ್ಳಿ. ನಿಮ್ಮ ಕೆಲಸದ ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡ ಮೇಲೆ ನೆಟ್ ಕತ್ತರಿಸಿ. ಇದನ್ನು ಮರೆಯಬೇಡಿ. ನೆಟ್ ಇದ್ದರೆ ನೀವು ಹಳೆಯದು ತೆಗೆಯುವಷ್ಟರಲ್ಲಿ ವಿಂಡೋಸ್ ತನಗೆ ತೋಚಿದ್ದನ್ನು ತಂದು ತುಂಬುತ್ತದೆ.

ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಹೀಗೆ ಹೋಗಿ ರೀಸ್ಟಾರ್ಟ್ ಕೊಟ್ಟು, ಪಟ್ಟಿ ಬಂದಾಗ 4 ಒತ್ತಿ. ಇದು ಸೇಫ್ ಮೋಡ್, ವಿಂಡೋಸ್ ತೀರಾ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಏಳುವ ಬಗೆ. ಇಲ್ಲಿ ಡಿಡಿಯು ಓಡಿಸಿ, ಎನ್‌ವಿಡಿಯಾ ಆರಿಸಿ, ಕ್ಲೀನ್ ಮಾಡಿ ರೀಸ್ಟಾರ್ಟ್ ಅನ್ನುವುದನ್ನು ಒತ್ತಿ. ಮಾಮೂಲಿಯಾಗಿ ಎದ್ದಾಗ ಅಕ್ಷರ ಮತ್ತೆ ದಪ್ಪ ಕಾಣುತ್ತದೆ, ಗಾಬರಿ ಬೇಡ. ಮೈಕ್ರೋಸಾಫ್ಟ್‌ನ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ಚಿತ್ರ ತೋರಿಸುವಷ್ಟು ಮಾತ್ರ ಬರುತ್ತದೆ. ಈಗ 342.01 ಹಾಕಿ. ಎಕ್ಸ್‌ಪ್ರೆಸ್ ಬೇಡ, ಕಸ್ಟಮ್ ಆರಿಸಿ ಗ್ರಾಫಿಕ್ಸ್ ಡ್ರೈವರ್ ಒಂದನ್ನೇ ಇಟ್ಟು ಉಳಿದ ಟಿಕ್ ತೆಗೆಯಿರಿ. 3ಡಿ ವಿಷನ್ ಕಟ್ಟಿಕೊಂಡು ಲಗ್ನಪತ್ರಿಕೆಗೆ ಏನಾಗಬೇಕು ಹೇಳಿ.

ಸರಿಯಾಗಿ ಕೂತಿದೆಯಾ ಅಂತ ನೋಡಲು ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ವರ್ಷನ್ ಓದಿ. ಅಲ್ಲಿ 342.01 ಅಂತ ಇರುವುದಿಲ್ಲ, 21.21.13.4201 ಅಂತ ಇರುತ್ತದೆ. ಚುಕ್ಕಿ ಬಿಟ್ಟು ಕೊನೆಯ ಐದು ಅಂಕಿ ತೆಗೆದುಕೊಳ್ಳಿ, 34201. ಎನ್‌ವಿಡಿಯಾ ಡ್ರೈವರ್ ಯಾವುದನ್ನಾದರೂ ಹೀಗೇ ಓದಬಹುದು.

ನೆಟ್ ಮತ್ತೆ ಸಿಕ್ಕಿಸುವ ಮುಂಚೆ ಇನ್ನೊಂದು ಕೆಲಸ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಹಾರ್ಡ್‌ವೇರ್ ಟ್ಯಾಬಿನಲ್ಲಿ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್ ತೆರೆದು ‘ನೋ’ ಕೊಡಿ. ವಿಂಡೋಸ್ 10 ಪ್ರೊ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬರದಂತೆ ತಡೆಯುವ ಆಯ್ಕೆಯೂ ಇದೆ, ಅದು ಇನ್ನೂ ಗಟ್ಟಿ. 342.01 ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟು ಮೇಲೆ ಹೆಸರು ಬರೆದು ಡ್ರಾಯರ್‌ಗೆ ಹಾಕಿ. ಹಳೇ ಫೈಲು ಸೈಟಿನಲ್ಲಿ ಯಾವಾಗಲೂ ಇರುತ್ತದೆ ಅನ್ನುವ ಗ್ಯಾರಂಟಿ ಯಾರೂ ಕೊಟ್ಟಿಲ್ಲ.

ಇಷ್ಟೆಲ್ಲ ಆದಮೇಲೂ ಕೋಡ್ 43 ಬಂದರೆ? ಕಾರ್ಡ್ ಬಿಚ್ಚಿ, ಮಾನಿಟರ್ ವಯರನ್ನು ಬೋರ್ಡಿನ ವಿಜಿಎಗೆ ಹಾಕಿ ನೋಡಿ. ನಿಜ ಹೇಳಬೇಕು ಅಂದರೆ ನಿಮ್ಮ ಕೆಲಸಕ್ಕೆ ಈ ಕಾರ್ಡ್ ಬೇಕೇ ಇಲ್ಲ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದಕ್ಕೆ ಗ್ರಾಫಿಕ್ಸ್ ಚಿಪ್ಪಿನ ಹಂಗಿಲ್ಲ. ಫೋಟೋಶಾಪ್ ಗ್ರಾಫಿಕ್ಸ್ ಕಾರ್ಡನ್ನು ಬಳಸಲು ಶುರು ಮಾಡಿದ್ದೇ 2008ರ ಸಿಎಸ್4ರಿಂದ. ನೀವು ಇನ್ನೂ ಫೋಟೋಶಾಪ್ 7 ಇಟ್ಟುಕೊಂಡಿದ್ದರೆ ಕಾರ್ಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಬೋರ್ಡಿನ ಇಂಟೆಲ್ ಚಿಪ್ಪಿಗೂ ವಿಂಡೋಸ್ 10ರಲ್ಲಿ ಇದೇ ರಗಳೆ ಇದೆ. ಅದನ್ನು ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ದುಡ್ಡು ಹಾಕಲೇಬೇಕು ಅನಿಸಿದರೆ ಕಾರ್ಡಿಗೆ ಬೇಡ, ಹಾರ್ಡ್‌ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕ್, ಚಿಕ್ಕದೊಂದು ಎಸ್ಎಸ್‌ಡಿಗೆ ಹಾಕಿ. ಹಳೇ ಮಷೀನಿನಲ್ಲಿ ಎದ್ದು ಕಾಣುವ ಬದಲಾವಣೆ ಅದೊಂದೇ. ನಾಳೆ ಹೊಸ ಕಂಪ್ಯೂಟರ್ ತೆಗೆದುಕೊಂಡರೂ ಅದನ್ನು ಅಲ್ಲಿಗೆ ಹಾಕಿಕೊಳ್ಳಬಹುದು. ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11ರ 24ಎಚ್2 ಆವೃತ್ತಿ ಕೋರ್ 2 ಡ್ಯುಯೋ ಮೇಲೆ ಏಳುವುದೇ ಇಲ್ಲ, ಅದು ಕೇಳುವ ಕೆಲವು ಇನ್‌ಸ್ಟ್ರಕ್ಷನ್‌ಗಳು ಆ ಪ್ರೊಸೆಸರ್‌ಗೆ ಗೊತ್ತಿಲ್ಲ. ಗಿರಾಕಿಗಳ ಪೆನ್‌ಡ್ರೈವ್ ದಿನಾ ಚುಚ್ಚುವ ಅಂಗಡಿ ನಿಮ್ಮದು. ಈ ಮಷೀನನ್ನು ಪೇಜ್ ಕಟ್ಟುವುದಕ್ಕೆ ಮಾತ್ರ ಇಟ್ಟುಕೊಳ್ಳಿ, ಬ್ಯಾಂಕ್ ವ್ಯವಹಾರ ಇದರಲ್ಲಿ ಮಾಡಬೇಡಿ.

ಪ್ರಶ್ನೆ: ಅಣ್ಣಾ, ನಾನು ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಹಳೇ ಐ3 ಕಂಪ್ಯೂಟರಿಗೆ ಆನ್‌ಲೈನಿನಲ್ಲಿ ಜಿಟಿಎಕ್ಸ್ 1050 ಟಿಐ 4 ಜಿಬಿ ಕಾರ್ಡ್ ತುಂಬಾ ಕಡಿಮೆ ಬೆಲೆಗೆ ಸಿಕ್ಕಿತು. ಡ್ರೈವರ್ ಹಾಕಿದ ತಕ್ಷಣ ಪರದೆ ಕಪ್ಪಾಗುತ್ತದೆ. ಡ್ರೈವರ್ ತೆಗೆದರೆ ಸರಿ. ಫೋಟೋ ಕಳಿಸಿದ್ದೇನೆ.
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ತಮ್ಮಾ, ಫೋಟೋದಲ್ಲಿ ನೀಲಿ ವಿಜಿಎ ಪೋರ್ಟ್ ಕಾಣುತ್ತಿದೆ. ನನಗೆ ಅಲ್ಲೇ ಅನುಮಾನ ಬಂತು. 1050 ಟಿಐ ಇರುವ ಪಾಸ್ಕಲ್ ತಲೆಮಾರಿನಲ್ಲಿ ಅನಲಾಗ್ ವಿಜಿಎ ಔಟ್‌ಪುಟ್ ತೆಗೆದುಹಾಕಿದ್ದಾರೆ. ನಿನಗೆ ಕೊಟ್ಟಿರುವುದು ಬಹುಶಃ 2010ರ ಜಿಟಿಎಸ್ 450 ಥರದ ಹಳೇ ಕಾರ್ಡು. ಕಾರ್ಡಿನ ಒಳಗೇ ಇರುವ ಅದರ ಸ್ವಂತ ಬಯೋಸ್ ತಿದ್ದಿ 1050 ಟಿಐ ಅಂತ ಹೆಸರು ಬರೆದಿರುತ್ತಾರೆ. ವಿಂಡೋಸ್ ಆ ಹೆಸರು ನಂಬಿ 1050ರ ಡ್ರೈವರ್ ತರುತ್ತದೆ. ಒಳಗೆ ಇರುವ ಚಿಪ್ ಬೇರೆ, ಅಲ್ಲೇ ಕುಸಿಯುತ್ತದೆ. 4 ಜಿಬಿ ಅನ್ನುವುದೂ ಸುಳ್ಳಿರಬಹುದು.

ಖಚಿತ ಮಾಡಿಕೊಳ್ಳಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಓಡಿಸು. ನಕಲಿ ಎನ್‌ವಿಡಿಯಾ ಕಾರ್ಡಾದರೆ ಹೆಸರಿನ ಮುಂದೆ ‘ಫೇಕ್’ ಅಂತ ಅದೇ ತೋರಿಸುತ್ತದೆ. ಶೇಡರ್, ಅಂದರೆ ಚಿಪ್ಪಿನೊಳಗೆ ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು, ಎಷ್ಟಿವೆ ಅಂತಲೂ ನೋಡು. ನಿಜವಾದ 1050 ಟಿಐನಲ್ಲಿ 768 ಇರುತ್ತವೆ, ಜಿಟಿಎಸ್ 450ರಲ್ಲಿ 192. ಆ ಪುಟದ ಫೋಟೋ ತೆಗೆದು ಮಾರಿದವನಿಗೆ ಕಳಿಸಿ ದುಡ್ಡು ವಾಪಸ್ ಕೇಳು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಬಿಲ್ಲು, ಡಬ್ಬಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಯಾವುದನ್ನೂ ಎಸೆಯಬೇಡ. ಯೂಟ್ಯೂಬ್ ನೋಡಿ ಬಯೋಸ್ ವಾಪಸ್ ತಿದ್ದುತ್ತೇನೆ ಅಂತ ಹೊರಡಬೇಡ. ನೀನು ಕೈ ಹಾಕಿದೆ ಅಂತ ಗೊತ್ತಾದರೆ ಅವನು ಅದನ್ನೇ ನೆಪ ಮಾಡಿಕೊಳ್ಳುತ್ತಾನೆ.

ಪ್ರಶ್ನೆ: ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಬೇರೆ ಕಾರ್ಡ್ ಇಲ್ಲ, ಇಂಟೆಲ್ ಜಿ41 ಬೋರ್ಡಿನದೇ ಡಿಸ್‌ಪ್ಲೇ. ವಿಂಡೋಸ್ 10ರಲ್ಲಿ ಪರದೆಗೆ 1366×768 ರೆಸಲ್ಯೂಷನ್ ಬರುತ್ತಲೇ ಇಲ್ಲ. ಮಕ್ಕಳಿಗೆ ಕನ್ನಡ ಟೈಪಿಂಗ್ ಕಲಿಸಲು ಬೇಕಿತ್ತು.
– ಶಿಕ್ಷಕಿ, ಜಗಳೂರು

ಉತ್ತರ: ಮೇಡಂ, ಆ ಚಿಪ್ಪಿಗೆ ಇಂಟೆಲ್ ವಿಂಡೋಸ್ 10 ಡ್ರೈವರ್ ಮಾಡಲೇ ಇಲ್ಲ, ವಿಂಡೋಸ್ 7ಕ್ಕೆ ನಿಲ್ಲಿಸಿತು. ವಿಂಡೋಸ್ ಅಪ್‌ಡೇಟ್ ಒಳಗೆ ಆಪ್ಷನಲ್ ಅಪ್‌ಡೇಟ್ಸ್ ತೆರೆದು ಇಂಟೆಲ್ 4 ಸೀರೀಸ್ ಅನ್ನುವ ಡ್ರೈವರ್ ಇದೆಯಾ ನೋಡಿ. ಇದ್ದರೆ ಹಾಕಿ, ಅಷ್ಟಕ್ಕೆ ಕೆಲಸ ಮುಗಿಯಬಹುದು. ಇಲ್ಲದಿದ್ದರೆ ಸುಮ್ನೆ ಸಿಕ್ಕ ಸಿಕ್ಕ ಸೈಟಿನಿಂದ ಇಳಿಸಬೇಡಿ.

ಟೈಪಿಂಗ್ ಕಲಿಸುವುದಷ್ಟೇ ಆದರೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿ. ಇಂಟೆಲ್ ಹಳೇ ಚಿಪ್ಪುಗಳ ಡ್ರೈವರ್ ಲಿನಕ್ಸಿನ ಒಳಗೇ ಇರುತ್ತದೆ, ಬೇರೆ ಹುಡುಕುವ ಕೆಲಸವಿಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿ ಪರದೆ ಸರಿ ಬಂದರೆ ಆಮೇಲೆ ಇನ್‌ಸ್ಟಾಲ್ ಮಾಡಿದರಾಯಿತು. ಕನ್ನಡಕ್ಕೆ ಐಬಸ್ ಜೊತೆ ಎಂ17ಎನ್ (ಎರಡೂ ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಸಾಫ್ಟ್‌ವೇರ್‌ಗಳು) ಹಾಕಿಕೊಂಡು ಕೆಜಿಪಿ ಕೀಲಿಮಣೆ ಆರಿಸಿ. ಅದು ನುಡಿಯದೇ ವಿನ್ಯಾಸ, ಮಕ್ಕಳು ಮುಂದೆ ಬೇರೆ ಕಂಪ್ಯೂಟರಿನಲ್ಲಿ ನುಡಿ ಬಳಸಿದರೂ ಬೆರಳು ತಡಕಾಡುವುದಿಲ್ಲ.