ಈಗಿನ ಸರ್ವಾಧಿಕಾರಿಗಳಲ್ಲಿ ಜನರನ್ನು ಅತಿ ಜಾಸ್ತಿ ತುಳಿಯುತ್ತಿರುವವರು ಯಾರು?

ನನ್ನ ಪ್ರಕಾರ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್. ಸತ್ತವರ ಲೆಕ್ಕ ಹಿಡಿದರೆ ಬೇರೆ ಹೆಸರು ಬರಬಹುದು. ಆದರೆ ಸರ್ಕಾರ ಮನೆಯೊಳಗೆ ಎಷ್ಟು ದೂರ ನುಗ್ಗಿದೆ ಎಂದು ನೋಡಿದರೆ ಅವರಿಗೆ ಸಾಟಿ ಇಲ್ಲ.

ಯಾಕೆಂದರೆ ಅಲ್ಲಿ ಶಿಕ್ಷೆ ತಪ್ಪು ಮಾಡಿದವರೊಬ್ಬರಿಗೇ ನಿಲ್ಲುವುದಿಲ್ಲ. ಒಬ್ಬರು ಸರ್ಕಾರದ ವಿರುದ್ಧ ಬಾಯಿಬಿಟ್ಟರೆ ಹೆತ್ತವರು, ಮಕ್ಕಳು ಸಹ ಕೈದಿಗಳ ಶಿಬಿರ ಸೇರಬೇಕಾಗಬಹುದು. 2014ರಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದನ್ನೆಲ್ಲ ದಾಖಲಿಸಿದೆ. ಜೊತೆಗೆ ‘ಇನ್ಮಿನ್‌ಬಾನ್’ ಎಂಬ ವ್ಯವಸ್ಥೆ. ಸುಮಾರು 20–40 ಮನೆಗಳಿಗೆ ಒಂದು ಗುಂಪು, ಅದಕ್ಕೊಬ್ಬ ಮುಖ್ಯಸ್ಥೆ. ಯಾರ ಮನೆಗೆ ಯಾರು ಬಂದರು, ರಾತ್ರಿ ಯಾರು ಉಳಿದರು ಎಂದು ಅವಳು ವರದಿ ಕೊಡಬೇಕು. ದಕ್ಷಿಣ ಕೊರಿಯಾದ ಧಾರಾವಾಹಿ ನೋಡಿದರೂ ವರ್ಷಗಟ್ಟಲೆ ಸೆರೆ. ಅಂದಮೇಲೆ ಎದುರು ಮಾತಾಡುವ ಧೈರ್ಯ ಯಾರಿಗೆ ಬರುತ್ತೆ ಹೇಳಿ?

ನಮ್ಮ ಚಿಕ್ಕಮಗಳೂರಿನಲ್ಲಿ ಈ ಚರ್ಚೆ ಎದ್ದರೆ ಹಿರಿಯರು ತುರ್ತುಪರಿಸ್ಥಿತಿಯನ್ನೂ ಈ ಸಾಲಿಗೆ ಸೇರಿಸುತ್ತಾರೆ. ಅದು ಕೆಟ್ಟ ಕಾಲವೇ, ಸಾವಿರಾರು ಜನ ಜೈಲು ಸೇರಿದರು. ಆದರೆ 1977ರಲ್ಲಿ ಜನ ಇಂದಿರಾ ಗಾಂಧಿಯವರನ್ನು ಸೋಲಿಸಿದರು, 1978ರಲ್ಲಿ ಇದೇ ಚಿಕ್ಕಮಗಳೂರಿನ ಮತದಾರರು ಗೆಲ್ಲಿಸಿದರು. ಎರಡೂ ಮತದಿಂದಲೇ ಆಯಿತು. ಉತ್ತರ ಕೊರಿಯಾದಲ್ಲಿ ಆ ದಾರಿಯೇ ಇಲ್ಲ. ಆಫ್ರಿಕಾದ ಎರಿಟ್ರಿಯಾ ಕೂಡ ಹಾಗೆಯೇ: ಇಸಾಯಸ್ ಅಫ್ವೆರ್ಕಿ 1993ರಿಂದ ಅಧ್ಯಕ್ಷ, ಒಂದು ಸಲವೂ ರಾಷ್ಟ್ರೀಯ ಚುನಾವಣೆ ನಡೆದಿಲ್ಲ.

ಹೆಣ್ಣುಮಕ್ಕಳ ಕಡೆಯಿಂದ ನೋಡಿದರೆ ಮಾತ್ರ ನಾನು ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವನ್ನೇ ಮೊದಲು ಇಡುತ್ತೇನೆ. ಅಲ್ಲಿ ಆರನೇ ತರಗತಿ ಮುಗಿದ ಹುಡುಗಿಗೆ ಮುಂದೆ ಶಾಲೆಯೇ ಇಲ್ಲ.